ಒರೆಸದೆ ಕೊಟ್ಟ ಮೆಮೊರಿ

...ಥೂ! ಅಸಹ್ಯ ಅಂದ್ರೆ ಇದು, ಭಾವ. ನಗ್ತೀರಲ್ಲ! ನೀವು ಎಚ್‌ಆರ್‌ನವರು, ನಿಮಗೆ ಇದು ಬರೀ ಒಂದು ತನಿಖೆ. ವರದಿ ಬರೆದು ಕೊನೆಗೆ ಒಂದು ಹೆಸರು ಹಾಕಿ ಮೇಲೆ ಕಳಿಸ್ತೀರಿ. ನನಗೆ ಅಷ್ಟೇ ಅಲ್ಲ.

ಏನು? ಅರ್ಥ ಆಗೋ ಹಾಗೆ ಹೇಳಬೇಕಾ? ಸರಿ, ಕೇಳಿ. ಒಂದು ದೊಡ್ಡ ಯಂತ್ರ. ಅದರೊಳಗೆ ನಲವತ್ತು ಗೆಸ್ಟ್‌ಗಳು, ಅಂದ್ರೆ ಸುಳ್ಳು ಯಂತ್ರಗಳು, ಒಂದೊಂದು ಒಬ್ಬೊಬ್ಬ ಗಿರಾಕಿಗೆ. ಒಂದೊಂದಕ್ಕೂ ತಾನೇ ಮನೆ ಯಜಮಾನ ಅನ್ನೋ ಭ್ರಮೆ. ಮೆಮೊರಿ ಹಂಚೋದು ನಮ್ಮ ಕರ್ನಲ್, ಅಂದ್ರೆ ಇಡೀ ಯಂತ್ರ ನಡೆಸೋ ಮೂಲ ಪ್ರೋಗ್ರಾಮ್. ಇವನ ಹತ್ರ ಖಾಲಿ ಬಿದ್ದಿದ್ದನ್ನ ಕಿತ್ತು ಅವನಿಗೆ ಕೊಡುತ್ತೆ. ಕೊಡೋ ಮುಂಚೆ ಒರೆಸಬೇಕು. ಲಾಡ್ಜಲ್ಲಿ ಒಬ್ಬ ಎದ್ದು ಹೋದ ಮೇಲೆ ಹಾಸಿಗೆ ಬಟ್ಟೆ ಬದಲಿಸಲ್ವಾ, ಹಾಗೆ. ಬದಲಿಸಲಿಲ್ಲ ಭಾವ! ಯಾವನದೋ ಕೂದಲು, ಯಾವನದೋ ಬೆವರು... ಒಂದು ಆಸ್ಪತ್ರೆಯ ರೋಗಿಗಳ ರಕ್ತದ ರಿಪೋರ್ಟು ಹೋಗಿ ಆಟಿಕೆ ಅಂಗಡಿಯವನ ಮೆಮೊರಿಯಲ್ಲಿ ಕೂತಿದೆ. ಗುಪ್ತರೋಗದ ಪರೀಕ್ಷೆ! ಹೆಸರು, ವಯಸ್ಸು ಸಮೇತ. ಛೀ.

ಯಾರು ಅಂದ್ರೆ? ಗುಬ್ಬಿ. ಅದೇ, ನನ್ನ ಟೀಮಲ್ಲಿ ನಾಲ್ಕು ವರ್ಷದಿಂದ ಬಾಯಿ ಬಿಡದೆ ಕತ್ತು ಬಗ್ಗಿಸಿ ಕೂತಿರ್ತಾಳಲ್ಲ, ಅವಳು. ಪ್ರೋಗ್ರಾಮಲ್ಲಿ ಒರೆಸು ಅನ್ನೋ ಸಾಲನ್ನ ಬಂದ್ ಮಾಡಿರೋದು ಅವಳ ಲಾಗಿನ್ನಿಂದ.

ಯಾಕಂತೆ? ಒರೆಸೋಕೆ ಟೈಮ್ ಹಿಡಿಯುತ್ತೆ ಭಾವ. ಅವತ್ತು ಎರಡು ಗಂಟೆಗೆ ವೇಗದ ಪರೀಕ್ಷೆ. ಮೇಲಿನವರೆಲ್ಲ ಬಂದು ಕೂತಿದ್ರು. ಒರೆಸೋದು ಬಿಟ್ರೆ ಕುದುರೆ ಥರ ಓಡುತ್ತೆ. ಓಡ್ತು. ಚಪ್ಪಾಳೆ ಬಿತ್ತು... ಹೌದು, ನನಗೇ ಬಿತ್ತು. ಟೀಮ್ ನಂದಲ್ವಾ? ಅದಕ್ಯಾಕೆ ಹಾಗೆ ನೋಡ್ತೀರಿ?

ಬೇಜವಾಬ್ದಾರಿ ಹೆಂಗಸು. ಸ್ಕ್ರೀನ್ ಲಾಕ್ ಮಾಡದೆ ಎದ್ದು ಹೋಗ್ತಾಳೆ. ನಮ್ಮಲ್ಲಿ ಯಾರಾದ್ರೂ ಹಾಗೆ ಹೋದ್ರೆ, ಪಕ್ಕದವರು ಅವರದೇ ಲಾಗಿನ್ನಿಂದ "ನಾಳೆ ಎಲ್ಲರಿಗೂ ನನ್ನ ಕಡೆಯಿಂದ ಕೇಕು" ಅಂತ ಮೇಲ್ ಬಿಡ್ತಾರೆ. ತಮಾಷೆ. ಬುದ್ಧಿ ಬರಲಿ ಅಂತ. ಇವಳು ಆರು ಸಲ ಕೇಕು ತಂದಳು. ಬುದ್ಧಿ ಮಾತ್ರ ಬರಲಿಲ್ಲ!

ಬರೀರಿ ಭಾವ. ಯಾರು ಯಾವಾಗ ಏನು ಬದಲಿಸಿದ್ರು ಅನ್ನೋ ಲಾಗಲ್ಲಿ ಸ್ಪಷ್ಟವಾಗಿದೆ, ಮಧ್ಯಾಹ್ನ ಒಂದೂ ಹತ್ತು, ಅವಳ ಹೆಸರು. ಕೆಲಸ ಹೋಗುತ್ತೆ, ಹೋಗಲಿ. ಬೇರೆ ಕಡೆ ಸಿಗುತ್ತೆ... ಈ ಕಳಂಕ ಹೊತ್ತವಳಿಗೆ ಎಲ್ಲಿ ಸಿಗುತ್ತೆ, ಅದು ಬೇರೆ ಮಾತು.

ಫೋನ್ ಯಾಕೆ ನನ್ನ ಮುಖಕ್ಕೆ ಹಿಡೀತೀರಿ? ಇದೇನು... ರಿಸೆಪ್ಷನ್ ಅಮ್ಮನ ನಿವೃತ್ತಿ ಊಟದ ಫೋಟೋ. ಸರಿ. ಅವತ್ತಿಂದೇ. ನೀವು, ಪಕ್ಕದಲ್ಲಿ... ಗುಬ್ಬಿ. ಚಮಚ ಬಾಯಲ್ಲೇ ಇದೆ. ಟೈಮು... ಒಂದೂ ಹನ್ನೊಂದು.

ಫೋನಿನ ಗಡಿಯಾರ ಹಿಂದೆ ಮುಂದೆ ಇರಬಹುದು. ಇಲ್ವಾ?... ನಾನು ಊಟಕ್ಕೆ ಬರಲಿಲ್ಲ, ನಿಜ. ಕೆಲಸ ಇತ್ತು. ಎಲ್ಲಿ ಅಂದ್ರೆ... ನನ್ನ ಸೀಟಲ್ಲೇ. ನನ್ನ ಸೀಟಲ್ಲೇ ಇದ್ದೆ ಭಾವ!

...ಅವಳ ಸ್ಕ್ರೀನ್ ತೆರೆದೇ ಇತ್ತು.

ಒಂದೇ ಸಾಲು. ಒಂದೇ ಒಂದು ಸಾಲು! ಪರೀಕ್ಷೆ ಮುಗಿದ ಕೂಡಲೇ ವಾಪಸ್ ಹಾಕ್ತಿದ್ದೆ. ಆಮೇಲೆ ಎಲ್ಲರೂ ಕೈ ಕುಲುಕೋಕೆ ಬಂದ್ರು... ಮರೆತುಹೋಯ್ತು. ಅಕ್ಕನ ಮುಖ ನೋಡಿಯಾದ್ರೂ... ಬೈಯಿರಿ ಭಾವ, ಬೈದುಬಿಡಿ! ಹೀಗೆ ನೋಡಬೇಡಿ, ಯಾವುದೋ ಹೊಲಸು ತುಳಿದವರ ಥರ.

ಯಾಕೆ ಎದ್ರಿ? ಎಲ್ಲಿಗೆ? ಕುರ್ಚಿ ಯಾಕೆ ನನ್ನ ಕಡೆ ತಳ್ತೀರಿ?

...ಆ ಹೆಸರು ನಾನೇ ಬರೀಬೇಕಾ?