ಹೆಣಕ್ಕೆ ಇಸ್ತ್ರಿ ಪೆಟ್ಟಿಗೆಯ ಚಿಂತೆ

ಮಾನ್ಯ ಅಧ್ಯಕ್ಷರೇ, ಇಂದು ಸನ್ಮಾನ ಪಡೆದ ನಮ್ಮ ಚಿತ್ರಕಲಾ ಮೇಷ್ಟ್ರೇ, ಮುಂದಿನ ಸಾಲಿನ ಗಣ್ಯರೇ, ಕುರ್ಚಿ ಸಾಲದೆ ಹಿಂದೆ ನಿಂತೇ ಇರುವ ಸಭಿಕರೇ,

ಮೈಕು ಕೇಳಿಸುತ್ತಿದೆಯೇ? ಆರನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು ನಾನು. ಎರಡು ಮಾತಾಡಿ ಸಾಕು ಎಂದಿದ್ದಾರೆ. ಎರಡರಲ್ಲಿ ಒಂದು ತಪ್ಪಿದರೆ ಏನು ಗತಿ ಎಂದು ಬೆಳಗಿನಿಂದ ಅನ್ನ ಸೇರಿಲ್ಲ.

ನಾನು ಯಾರೆಂದು ನಿಮಗೆ ಗುರುತು ಸಿಕ್ಕಿರಲಿಕ್ಕಿಲ್ಲ. ನನ್ನ ಬೆನ್ನ ಹಿಂದಿನ ಪಟದಲ್ಲಿ ಸತ್ತು ಮಲಗಿದ್ದಾಳಲ್ಲ, ಆ ಹೆಂಗಸು ನಾನೇ. ನಗಬೇಡಿ. ಮೇಷ್ಟ್ರು ನನ್ನ ಮೈಯನ್ನು ಅರ್ಧಕ್ಕೆ ಇಳಿಸಿದ್ದಾರೆ, ಅಷ್ಟೆ. ಎದೆಯ ಮೇಲೆ ಬಿಳಿ ಹೂವು, ಕಿಟಕಿಯಲ್ಲಿ ಬೆಳದಿಂಗಳು. ಸತ್ತರೆ ಹೀಗೆ ಸಾಯಬೇಕು ಅನ್ನಿಸುವ ಹಾಗಿದೆ, ಅಲ್ಲವೇ? ಪಕ್ಕದಲ್ಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕುತ್ತಿರುವವರು ನಮ್ಮ ಯಜಮಾನರು. ಬೀಗ ರಿಪೇರಿ ಮಾಡುತ್ತಿದ್ದರು. ಎಷ್ಟು ತಿಕ್ಕಿದರೂ ಹೋಗದ ಉಗುರಿನ ಕಪ್ಪನ್ನು ಮೇಷ್ಟ್ರು ಕುಂಚದಲ್ಲೇ ತೊಳೆದುಬಿಟ್ಟರು.

ಆಗ ಮೇಷ್ಟ್ರ ಚಿತ್ರದ ಕೋಣೆ ಮಹಡಿಯ ಮೇಲೆ, ನನ್ನ ಹೊಲಿಗೆ ಅಂಗಡಿ ಕೆಳಗೆ. ಒಂದು ದಿನ ಇಳಿದು ಬಂದು, "ಸ್ವಲ್ಪ ಹೊತ್ತು ಸತ್ತ ಹಾಗೆ ಮಲಗ್ತೀರಾ ತಾಯಿ?" ಎಂದರು. ನಾನು ಒಲ್ಲೆ ಎಂದೆ. ಆಟಕ್ಕೆ ಮಲಗಿ ನಿಜವಾಗಿಬಿಟ್ಟರೆ? ಯಜಮಾನರೇ ಧೈರ್ಯ ಹೇಳಿದರು: "ಬಾರೇ, ನಾನು ಪಕ್ಕದಲ್ಲೇ ಕೂತಿರ್ತೀನಿ. ಹಾಗೇನಾದ್ರೂ ಆದ್ರೆ ಚಿವುಟಿ ಎಬ್ಬಿಸ್ತೀನಿ."

ಹೋದ ವರ್ಷ ಅವರೇ ಹೋದರು. ಎಷ್ಟು ಚಿವುಟಿದರೂ ಏಳಲಿಲ್ಲ. ಮೂಗಿಗೆ ನಳಿಕೆ, ಒಡೆದ ತುಟಿ, ಮಂಚದ ಕೆಳಗೆ ಬೋಗುಣಿ. ಮೇಷ್ಟ್ರು ದಿನಾ ಆಸ್ಪತ್ರೆಗೆ ಬಂದರು. ಜೇಬಿನಲ್ಲಿ ಪೆನ್ಸಿಲ್ ಕೂಡ ಇರಲಿಲ್ಲ; ಕೆಮ್ಮಿದಾಗೆಲ್ಲ ಬೋಗುಣಿ ಹಿಡಿದರು. ಹೆತ್ತ ಮಗನೂ ಹಾಗೆ ಮಾಡುವುದು ಕಷ್ಟ.

ಈಗ ತಾನೇ ಅವರು ಇಲ್ಲಿ ನಿಂತು ಏನೆಂದರು? "ನಾನು ಸಾವನ್ನು ಕಂಡೇ ಇರಲಿಲ್ಲ. ಹೂವು, ಬೆಳದಿಂಗಳು ಬರೆದು ಜನರಿಗೆ ಮೋಸ ಮಾಡಿದೆ. ಈ ಪಟಕ್ಕೆ ಬಣ್ಣ ಬಳಿದು ಮುಚ್ಚಿಬಿಡುತ್ತೇನೆ." ನೀವೆಲ್ಲ ಚಪ್ಪಾಳೆ ಹೊಡೆದಿರಿ. ನಾನು ಹೊಡೆಯಲಿಲ್ಲ. ಬರೆಸಿಕೊಂಡು ಬಂದ ಚೀಟಿ ಇಲ್ಲೇ ಇದೆ, ಅದನ್ನು ಓದಲಾರೆ.

ಮೇಷ್ಟ್ರೇ, ಯಜಮಾನರು ಹೋದ ಮೇಲೆ ನಾನೂ ಅವರ ತಲೆ ಬಾಚಿದೆ. ತುಟಿ ಒರೆಸಿದೆ. ಹೊದಿಕೆಯ ಸುಕ್ಕು ತೆಗೆದೆ. ಯಾಕೆ? ನೋಡುವವರ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ. ಅದೂ ಮೋಸವೇ?

ಇನ್ನೊಂದು ಮಾತು. ಇದನ್ನು ನಿಮಗೆ ಹೇಳಬಾರದು ಎಂದು ಅವರು ಬಾಯಿಗೆ ಬೀಗ ಹಾಕಿದ್ದರು. ಅವತ್ತು ನಾನು ಕಣ್ಣು ಮುಚ್ಚಿ ಮಲಗಿದ್ದೆನಲ್ಲ, ತಲೆಯಲ್ಲಿ ಒಂದೇ ಯೋಚನೆ. ಕೊನೆಗೆ ತಡೆಯಲಾರದೆ ತುಟಿ ಅಲುಗಿಸದೆ ಕೇಳಿದೆ: "ರೀ, ಇಸ್ತ್ರಿ ಪೆಟ್ಟಿಗೆ ಆಫ್ ಮಾಡಿದ್ನಾ?" ಅವರು, "ಸುಮ್ನಿರೇ, ಹೆಣ ಮಾತಾಡಬಾರದು" ಎಂದರು. "ಅಯ್ಯೋ, ಗಿರಾಕಿ ರವಿಕೆ ಸುಟ್ಟುಹೋದ್ರೆ?" ಎಂದೆ. ಅಷ್ಟೇ, ಅವರಿಗೆ ನಗು ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಂಡರು, ಹೆಗಲು ಕುಣಿಯತೊಡಗಿತು. ನೀವು ಆ ಕಡೆಯಿಂದ, "ಹಾಗೇ ಇರಿ! ಆಹಾ, ಎಂಥಾ ದುಃಖ!" ಎಂದು ಕೂಗಿದಿರಿ. ಅವರ ನಗು ಇನ್ನೂ ಹೆಚ್ಚಾಯಿತು.

ಇಷ್ಟು ಜನ ಇದರ ಮುಂದೆ ನಿಂತು ಕಣ್ಣೊರೆಸಿಕೊಂಡಿದ್ದಾರೆ. ಒರೆಸಿಕೊಳ್ಳಲಿ, ಅವರವರ ದುಃಖ ಅವರವರಿಗೆ. ಆದರೆ ನಮ್ಮ ಯಜಮಾನರು ನಕ್ಕಿದ್ದು ಬೇರೆ ಯಾವ ಫೋಟೋದಲ್ಲೂ ಇಲ್ಲ. ಕ್ಯಾಮೆರಾ ಕಂಡರೆ ಕಂಬದ ಹಾಗೆ ನಿಲ್ಲುತ್ತಿದ್ದರು. ಇದರ ಮೇಲೂ ಬಣ್ಣ ಬಳಿದರೆ ನಾನು ಎಲ್ಲಿ ಹೋಗಿ ನೋಡಲಿ?

ಏಳಬೇಡಿ ಮೇಷ್ಟ್ರೇ. ಆಮೇಲೆ ಮಾತಾಡೋಣ ಅನ್ನಲೂಬೇಡಿ, ಅಲ್ಲಿಯವರೆಗೆ ನನಗೆ ನಿದ್ದೆ ಬರುವುದಿಲ್ಲ. ಬಳಿಯುವುದಿಲ್ಲ ಎಂದರೆ ತಲೆ ಆಡಿಸಿ, ಸಾಕು.

ಆಡಿಸಿದರು. ಅಧ್ಯಕ್ಷರೇ, ನೀವೂ ನೋಡಿದಿರಿ ತಾನೆ? ಮೇಷ್ಟ್ರೇ, ಇನ್ನೊಂದು ಸಲ, ಹಿಂದೆ ನಿಂತವರಿಗೂ ಕಾಣುವ ಹಾಗೆ.

ಆಯಿತು. ಸತ್ತವಳ ಮಾತನ್ನು ಇಷ್ಟು ಹೊತ್ತು ಕೇಳಿದಿರಿ, ನಿಮ್ಮೆಲ್ಲರಿಂದ ದೊಡ್ಡ ಉಪಕಾರವಾಯಿತು. ನಮಸ್ಕಾರ.