ತಲೆಕೆಳಗಾಗಿ ಓಡುವವನು

ದೀಪ ಸ್ವಲ್ಪ ಸಣ್ಣ ಮಾಡಿ. ಇದು ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು, ಅಡಗೂಲಜ್ಜಿ ಕತೆಯಲ್ಲ. ಆರಡಿಯ ಆಳು, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಗಿಡ್ಡ.

ಒಂದು ರಾತ್ರಿ ಗಿಡ್ಡ ಊರಾಚೆಯ ಒಂದು ಬಾವಿ ದಾಟಿ ಮನೆಗೆ ಬರುತ್ತಿದ್ದ. ಕೈಯಲ್ಲಿ ಮೊಬೈಲು. ತಪ್... ತಪ್... ಒದ್ದೆ ಪಾದದ ಸದ್ದು. ನಿಂತ. ಅದೂ ನಿಂತಿತು. ಹಿಂದೆ ತಿರುಗಿದ, ಯಾರೂ ಇಲ್ಲ. ಮತ್ತೆ ಹೆಜ್ಜೆಯಿಟ್ಟ. ತಪ್... ತಪ್... ಸದ್ದು ಹಿಂದಿನಿಂದ ಬರುತ್ತಿರಲಿಲ್ಲ. ತಲೆಯ ಮೇಲಿಂದ ಬರುತ್ತಿತ್ತು.

ಯಾರೆಂದು ಅವನಿಗೆ ಗೊತ್ತಾಯಿತು.

ಗಿಡ್ಡ, ಅವನ ಭಾವ, ಅಂದರೆ ಅಕ್ಕನ ಗಂಡ, ಇಬ್ಬರದೂ ಬಾವಿ ಹೂಳೆತ್ತುವ ಕೆಲಸ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಭಾವ ಇಳಿಯುತ್ತಿದ್ದ, ಗಿಡ್ಡ ಮೇಲೆ ಹಿಡಿಯುತ್ತಿದ್ದ. ಒಂದು ಸಲ ಜಗ್ಗಿದರೆ ಸಡಿಲ ಬಿಡು, ಎರಡು ಸಲ ಜಗ್ಗಿದರೆ ಮೇಲಕ್ಕೆ ಎಳೆ. ಅದಕ್ಕೇ ಮೇಲಿನವನು ಹಗ್ಗವನ್ನು ಅಂಗೈಗೆ ಸುತ್ತಿಕೊಂಡೇ ಇರಬೇಕು.

ಆದರೆ ಗಿಡ್ಡನಿಗೆ ಮೊಬೈಲಿನ ಒಂದು ಆಟದ ಹುಚ್ಚು ಹಿಡಿದಿತ್ತು. ಒಬ್ಬ ಓಡುತ್ತಾನೆ, ಓಡುತ್ತಲೇ ಇರುತ್ತಾನೆ. ಗುಂಡಿ ಬಂತೋ, ಪರದೆ ಮುಟ್ಟಬೇಕು. ಭೂಮಿಯ ಸೆಳೆತವೇ ತಿರುಗಿಬಿಡುತ್ತದೆ. ಅವನು ಟಪ್ಪನೆ ಚಾವಣಿಗೆ ಬಿದ್ದು ತಲೆಕೆಳಗಾಗಿ ಓಡುತ್ತಾನೆ. ಅಲ್ಲೂ ಗುಂಡಿ. ಮತ್ತೆ ಮುಟ್ಟು, ಮತ್ತೆ ನೆಲ. ಸತ್ತರೂ ಚಿಂತೆಯಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಓಡುತ್ತಾನೆ! ದಿನವಿಡೀ ಆಳದಿಂದ ಭಾರ ಎಳೆಯುವವನಿಗೆ, ಬೀಳುವವನನ್ನು ಒಂದೇ ಬೆರಳಲ್ಲಿ ಮೇಲಕ್ಕೆತ್ತುವ ಆ ಖುಷಿ... ಬಿಡಲಾಗುತ್ತಿರಲಿಲ್ಲ.

ಆವತ್ತು ಭಾವ ಅದೇ ಬಾವಿಗೆ ಇಳಿದಿದ್ದ. ಕೈ ಖಾಲಿ ಬೇಕೆಂದು ಗಿಡ್ಡ ಹಗ್ಗವನ್ನು ಕಂಬಕ್ಕೆ ಬಿಗಿದು, ಬಾವಿಯ ಕಡೆಯ ಹಗ್ಗವನ್ನು ಕಾಲಿಗೆ ಒಂದು ಸುತ್ತು ಸುತ್ತಿಕೊಂಡು ಕೂತಿದ್ದ. ಕಾಲು ಜಗ್ಗಿತು. ಒಂದು... ಎರಡು. ಇದೊಂದು ಆಟ ಮುಗಿಯಲಿ ಅಂದುಕೊಂಡ.

ಬಾವಿಯೊಳಗೆ ಕೆಟ್ಟ ಗಾಳಿ ತುಂಬಿತ್ತು. ಎಳೆದು ಹಾಕುವಷ್ಟರಲ್ಲಿ ಭಾವನ ಉಸಿರು ನಿಂತಿತ್ತು.

"ಹಗ್ಗ ಅಲ್ಲಾಡಲೇ ಇಲ್ಲ ಅಕ್ಕಾ," ಅಂದುಬಿಟ್ಟ. ಅಕ್ಕ ಅವನ ತಲೆ ಸವರಿದಳು. ಅಂದಿನಿಂದ ಎಷ್ಟೋ ಸಲ ಹೇಳಿಬಿಡೋಣವೆಂದು ಹೋಗುತ್ತಾನೆ, ಬಾಗಿಲಿಂದಲೇ ವಾಪಸು ಬರುತ್ತಾನೆ. ನಾಚಿಕೆಗೇಡೆಂದರೆ, ಆಟವನ್ನೂ ಬಿಟ್ಟಿರಲಿಲ್ಲ.

ಆ ರಾತ್ರಿ ಬಾವಿಯ ಹತ್ತಿರ ಹಾಗೆ ನಿಂತಿದ್ದನಲ್ಲ... ಕಾಲು ಜಗ್ಗಿತು. ಹಗ್ಗವಿಲ್ಲ, ಏನಿಲ್ಲ. ಒಂದು... ಎರಡು.

ಗಿಡ್ಡ ಎದ್ದೆನೋ ಬಿದ್ದೆನೋ ಅಂತ ಓಡಿದ. ತಲೆಯ ಮೇಲೂ ಓಟ. ತಪ್ ತಪ್ ತಪ್... ಅಕ್ಕನ ಮನೆಯ ಹತ್ತಿರ ಬರುತ್ತಲೇ ಸದ್ದು ಅವನಿಗಿಂತ ಮೊದಲೇ ಒಳಗೆ ಹೋಯಿತು.

ಅಕ್ಕ ಬಾಗಿಲು ತೆಗೆದಳು. ಅವನು ಅಲ್ಲೇ ಕುಸಿದ.

"ಹಗ್ಗ ಜಗ್ಗಿತ್ತು ಅಕ್ಕಾ... ಎರಡು ಸಲ. ನಾನು ಆಟ ಆಡ್ತಾ ಕೂತಿದ್ದೆ... ನಾನೇ ಕೊಂದೆ."

"ಗೊತ್ತು ಕಣೋ," ಅಂದಳು ಪಿಸುಮಾತಲ್ಲಿ. "ನಿನ್ನ ಬಾಯಿಂದಲೇ ಬರ್ಲಿ ಅಂತ ಕಾಯ್ತಾ ಇದ್ದೆ."

ಗಿಡ್ಡ ಗೋಳೋ ಎಂದು ಅತ್ತ. ಅಕ್ಕ ಗಾಬರಿಯಿಂದ ಅವನ ಬಾಯಿ ಮುಚ್ಚಿದಳು.

"ಮೆಲ್ಲಗೆ ಅಳೋ... ಅವರು ಈಗಷ್ಟೇ ಮಲಗಿದ್ದಾರೆ."

"ಎಲ್ಲಿ?"

ಅಕ್ಕ ಕಣ್ಣನ್ನಷ್ಟೇ ಮೇಲೆತ್ತಿದಳು.

ಮಾರನೆಯ ದಿನ ಅಕ್ಕನನ್ನು ಮಾತಾಡಿಸಲು ಹೋದಾಗ ನಾನೂ ನೋಡಿದೆ, ಇದೇ ಕಣ್ಣಲ್ಲಿ. ಚಾವಣಿಗೆ ಒಂದು ದಿಂಬು ಅಂಟಿಕೊಂಡಿತ್ತು. ಮೊಳೆ ಹೊಡೆದದ್ದಲ್ಲ, ದಾರ ಕಟ್ಟಿದ್ದಲ್ಲ. ನಡುವೆ, ಯಾರೋ ತಲೆಯಿಟ್ಟು ಮಲಗಿ ಎದ್ದಂಥ ಕುಳಿ.