ಅಳಿಸದೆ ಉಳಿದ ಉಸಿರು

ಕಳೆದ ಗುರುವಾರ ಲೊರೇನ್ ಒಚೋವಾ ಅವರ ಶವಪೆಟ್ಟಿಗೆಯ ಮುಂದೆ ಅವರೇ ಹಾಡಿದ ಹಾಡನ್ನು ಹಾಕಿದರು. ಗೋಡೆಯ ಪರದೆಯ ಮೇಲೆ ಬೇರೊಬ್ಬಳ ಹೆಸರು ಬಂತು. ಇದು ಅನ್ಯಾಯ. ಇದನ್ನು ಹೇಳದೆ ನನ್ನ ಬಾಯಿಂದ ನಮಸ್ಕಾರ ಹೊರಡುವುದಿಲ್ಲ — ಕ್ಷಮಿಸಿ.

ಈ ಸಂತಾಪ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿರುವ ಅವರ ಮಗಳು ಯೊಲಾಂಡಾ ಅವರಿಗೆ, ನಮ್ಮ ಪಕೊಯ್ಮಾ ಬಡಾವಣೆಯ ನೆರೆಹೊರೆಯವರಿಗೆ, ಹಗಲು ಪಾಳಿ ಮುಗಿಸಿ ಏಪ್ರನ್ ಕೂಡ ಬಿಚ್ಚದೆ ಓಡಿಬಂದ ನಮ್ಮ ದಿನಸಿ ಅಂಗಡಿಯ ಸಂಗಾತಿಗಳಿಗೆ — ಈಗ ನಮಸ್ಕಾರ.

ನಾನು ಗುಸ್ತಾವೊ. ಆರನೇ ಕೌಂಟರಿನವನು. ಲೊರೇನ್ ಏಳನೆಯದರಲ್ಲಿ, ನನ್ನ ಬೆನ್ನ ಹಿಂದೆ ಇದ್ದರು. ನಾನು ಕಾಲೇಜು ಕಂಡವನಲ್ಲ. ಊಟದ ಕೋಣೆಯಲ್ಲಿ ಕಾರ್ಮಿಕ ಸಂಘದವರು ಬಿಟ್ಟುಹೋಗುವ ಕರಪತ್ರಗಳೇ ನನ್ನ ಓದು. ಹಾಗಾಗಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಏ ಕರಪತ್ರ, ಮೊದ್ಲು ಆ ಅಜ್ಜಿ ಮೊಟ್ಟೆ ಒಡೀದ ಹಾಗೆ ಚೀಲಕ್ಕೆ ಹಾಕು. ಆಮೇಲೆ ಕ್ರಾಂತಿ ಮಾಡುವೆಯಂತೆ."

ನಗಿ, ಪರವಾಗಿಲ್ಲ. ಅವರಿಗೂ ಇಷ್ಟವಾಗುತ್ತಿತ್ತು.

ಈಗ ಹಾಡಿನ ಮಾತು. 'ಕೊನೆಯ ಬಸ್ಸು ಹೋಗಲಿ ಬಿಡು' — ನಿಮಗೆಲ್ಲ ಗೊತ್ತು. ಆ ಸಿನಿಮಾ ಯಾರಿಗೆ ನೆನಪಿದೆ? ಹೈಸ್ಕೂಲಿನ ಹುಡುಗಿ, ಈಜುಕೊಳ, ಕೊನೆಗೆ ಜಿಮ್‌ನಲ್ಲಿ ನೃತ್ಯ. ಅಷ್ಟೇ. ಸಿನಿಮಾ ಸತ್ತಿತು, ಹಾಡು ಅದರಿಂದ ಇಳಿದು ನಡೆದುಕೊಂಡು ಹೊರಗೆ ಬಂತು. ಕಾರಿನ ಜಾಹೀರಾತಿಗೆ ಬಂತು. ಮದುವೆಗೆ ಬಂತು, ಹದಿನೈದು ತುಂಬಿದ ಹುಡುಗಿಯರ ಹಬ್ಬಕ್ಕೆ ಬಂತು, ಹಲ್ಲಿನ ಡಾಕ್ಟರ ಕೋಣೆಗೆ ಬಂತು. ನಮ್ಮ ಅಂಗಡಿಯ ಚಾವಣಿಯ ಸ್ಪೀಕರಿಗೆ ಬಂತು — ಅಲ್ಲಿಂದ ಇನ್ನೂ ಇಳಿದಿಲ್ಲ.

ಹದಿಹರೆಯದವರ ಸಿನಿಮಾ ಹಾಡು ಎಂದರೆ ದೊಡ್ಡವರು ಮೂಗು ಮುರಿಯುತ್ತಾರೆ. ಮುರಿಯಲಿ. ಹದಿನಾರರಲ್ಲಿ ಕಿವಿಗೆ ಬಿದ್ದದ್ದು ಅರವತ್ತಕ್ಕೂ ಬಿಡುವುದಿಲ್ಲ. ಯಾರೋ ಕೈಬಿಟ್ಟು ಹೋದಾಗ ಹೇಗೆ ನಿಲ್ಲಬೇಕು, ಯಾವ ಕಿಟಕಿಯತ್ತ ನೋಡಬೇಕು, ಎಷ್ಟು ಹೊತ್ತು ಸುಮ್ಮನಿದ್ದು ಅಳಬೇಕು — ನಮಗೆ ಇದನ್ನು ಕಲಿಸಿದವರು ಯಾರು? ಅಪ್ಪ ಅಮ್ಮ ಎರಡೆರಡು ಪಾಳಿ ದುಡಿಯುತ್ತಿದ್ದರು. ಕಲಿಸಿದ್ದು ಈ ಹಾಡುಗಳು.

ಮತ್ತು ಈ ಹಾಡಿನಲ್ಲಿ ಒಂದು ಉಸಿರಿದೆ. ಪಲ್ಲವಿಗೆ ಮುಂಚೆ, ಹೀಗೆ — ಅರ್ಧಕ್ಕೆ ತುಂಡಾದಂಥದ್ದು. ಯಾವ ಪಾರ್ಟಿಯಲ್ಲಿ ಬೇಕಾದರೂ ಮೈಕ್ ಕೊಟ್ಟು ನೋಡಿ. ಪದ ಮರೆತವನೂ ಆ ಉಸಿರನ್ನು ಮರೆಯುವುದಿಲ್ಲ. ಸಿನಿಮಾ ಬಂದು ಇಪ್ಪತ್ತು ವರ್ಷದ ಮೇಲೆ ಹುಟ್ಟಿದ ಮಕ್ಕಳು, ತಮ್ಮದೇ ಹೊಸ ಹಾಡು ಕಟ್ಟುವಾಗಲೂ, ದುಃಖ ಬಂದ ಕಡೆ ಹಾಗೇ ಉಸಿರೆಳೆಯುತ್ತಾರೆ. ಒಂದು ಇಡೀ ದೇಶ ನಮ್ಮ ಏಳನೇ ಕೌಂಟರಿನ ಹೆಂಗಸಿನಂತೆ ಉಸಿರಾಡುತ್ತಿದೆ. ಅದಕ್ಕೆ ಗೊತ್ತಿಲ್ಲ.

ಆ ಉಸಿರು ಹೇಗೆ ಬಂತು? ಹಿಂದಿನ ಸಾಲಿನಲ್ಲಿ ವರ್ನ್ ಟ್ಯಾಕೆಟ್ ಕುಳಿತಿದ್ದಾರೆ. ಮೂವತ್ತೈದು ವರ್ಷದ ಹಿಂದೆ ಆ ಧ್ವನಿಮುದ್ರಣದ ಯಂತ್ರದ ಮುಂದೆ ಕುಳಿತವರು ಅವರೇ. ಆ ಕಸುಬಿನ ರೀತಿ ಹೀಗಂತೆ: ನಟಿ ಹಾಡಲು ಬರುವ ಮುಂಚೆ ಒಬ್ಬಳು ದಾರಿ ತೋರಿಸಲು ಹಾಡಿಡಬೇಕು. ನಟಿ ಅದನ್ನು ಕೇಳಿ ಕಲಿತು ಹಾಡಿದ ಮೇಲೆ ಮೊದಲಿನದನ್ನು ಅಳಿಸುತ್ತಾರೆ. ಅಳಿಸುವ ಧ್ವನಿಗೆ ಹೆಸರು ಯಾಕೆ? ಬರೆಯುವುದಿಲ್ಲ. ಲೊರೇನ್‌ಗೆ ಆಗ ಇಪ್ಪತ್ತೆರಡು. ಬಸ್ಸು ತಡವಾಗಿ, ನಿಲ್ದಾಣದಿಂದ ಓಡಿ, ಮೆಟ್ಟಿಲು ಹತ್ತಿ ಬಂದು ನೇರ ಮೈಕಿನ ಮುಂದೆ ನಿಂತರು. ಪಲ್ಲವಿಗೆ ಮುಂಚೆ ಉಸಿರು ಸಿಕ್ಕಿಕೊಂಡಿತು. ಇನ್ನೊಮ್ಮೆ ಹಾಡಲೇ ಎಂದು ಕೇಳಿದರು. ತಾನು ಕೊಟ್ಟ ಉತ್ತರವನ್ನು ವರ್ನ್ ಅವರೇ ನನಗೆ ಹೇಳಿದ್ದಾರೆ, ಇಲ್ಲಿ ಹೇಳು ಎಂದೂ ಹೇಳಿದ್ದಾರೆ:

"ಬಿಡಮ್ಮ, ಹೆಂಗೂ ಅಳಿಸಿಹಾಕೋದು."

ಅಳಿಸಲಿಲ್ಲ. ಆ ಉಸಿರಿಗೆ ಸರಿಯಾಗಿ ಹುಡುಗಿ ಹಿಂತಿರುಗಿ ನೋಡುವಂತೆ ದೃಶ್ಯವನ್ನು ಕತ್ತರಿಸಿ ಜೋಡಿಸಿದ್ದರು. ನಟಿಯ ಹಾಡು ಅಲ್ಲಿ ಕೂರಲಿಲ್ಲ. ಲೊರೇನ್ ಧ್ವನಿಯನ್ನು ಇಟ್ಟುಕೊಂಡರು, ನಟಿಯ ಹೆಸರನ್ನೂ ಇಟ್ಟುಕೊಂಡರು. ಆ ನಟಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಧ್ವನಿ ಬೇಕು, ಧ್ವನಿಯ ಒಡತಿ ಬೇಡ ಎನ್ನುವ ವ್ಯವಸ್ಥೆಯ ಮೇಲೆ. ಅದಕ್ಕೆ ಮುಖವಿಲ್ಲ, ಅದರ ಕಚೇರಿಗೆ ಫೋನ್ ಮಾಡಿದರೆ ಕಾಯುವಾಗ ಕೇಳಿಸುವುದೂ ಇದೇ ಹಾಡು.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಹಾಡು ಬಂತು. ಏಳನೇ ಕೌಂಟರಿನ ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸು ಕೈಯಲ್ಲಿದ್ದ ಬೆಣ್ಣೆಹಣ್ಣನ್ನು ಹಾಗೇ ಹಿಡಿದು ಅಳತೊಡಗಿದಳು. ಗಂಡ ತೀರಿಕೊಂಡಿದ್ದನಂತೆ. ಶಾಲೆಯ ಕೊನೆಯ ನೃತ್ಯಸಂಜೆಯಲ್ಲಿ ಇಬ್ಬರೂ ಇದಕ್ಕೇ ಕುಣಿದಿದ್ದರಂತೆ. ಲೊರೇನ್ ಬಂದು ಅವಳ ಕೈ ಹಿಡಿದು ನಿಂತರು, ಹಾಡು ಮುಗಿಯುವವರೆಗೆ. ಸಾಲು ಬೆಳೆಯಿತು, ಯಾರೂ ಗೊಣಗಲಿಲ್ಲ. ಕೊನೆಗೆ ಹೆಂಗಸು ಕಣ್ಣೊರೆಸಿಕೊಂಡು, ಆ ನಟಿಯ ಗಂಟಲಲ್ಲಿ ಏನೋ ಇದೆ ಎಂದಳು.

"ಹೌದಮ್ಮ, ಏನೋ ಇದೆ," ಎಂದರು ಲೊರೇನ್. "ಚೀಲ ಬೇಕಾ?"

ನಾನು ರೇಗಿದೆ. ಯಾಕೆ ಹೇಳಲಿಲ್ಲ ಎಂದು ಜಗಳವಾಡಿದೆ. ಅವರು ತಲೆಯೆತ್ತದೆ ಮುಂದಿನವರ ಹಾಲು, ಬ್ರೆಡ್ಡು ಎಳೆದುಕೊಂಡರು.

ಯಾಕೆ ಎಂಬುದು ನನಗೆ ಗೊತ್ತಾದದ್ದು ನಿನ್ನೆ. ಯೊಲಾಂಡಾ ಹೇಳಿದರು. ಅವರಿಗೆ ಹದಿನೇಳಾಗಿದ್ದಾಗ ಅವರ ಶಾಲೆಯ ನೃತ್ಯಸಂಜೆಯಲ್ಲೂ ಇದೇ ಹಾಡು ಬಂತು. ಇದು ನಮ್ಮಮ್ಮ ಹಾಡಿದ್ದು ಎಂದರು. ಹುಡುಗಿಯರು ಬಿದ್ದು ಬಿದ್ದು ನಕ್ಕರು — ಸಾಮಾನು ಚೀಲಕ್ಕೆ ತುಂಬುವ ನಿಮ್ಮಮ್ಮನಾ? ಯೊಲಾಂಡಾ ಮನೆಗೆ ಬಂದು ತಾಯಿಯ ಮೇಲೆ ಕಿರುಚಾಡಿದರು. ಲೊರೇನ್ ಮಗಳ ಕೂದಲಿಂದ ಹೂವಿನ ಪಿನ್ನು ಬಿಚ್ಚುತ್ತಾ ಹೇಳಿದ್ದು ಒಂದೇ ಮಾತು:

"ನಮ್ಮಮ್ಮ ಸುಳ್ಳು ಹೇಳಿದ್ಲು ಅಂತ ಹೇಳ್ಬಿಡು ಮಗಳೇ. ನಿನ್ ಪಾಡಿಗೆ ನೀನು ಇರಬಹುದು."

ಸೋಮವಾರ ಮಗಳು ಶಾಲೆಗೆ ಹೋಗಿ ಹಾಗೇ ಹೇಳಿದರು. ಅಂದಿನಿಂದ ತಾಯಿ ಈ ಹಾಡಿನ ವಿಷಯ ಯಾರಿಗೂ ಹೇಳಲಿಲ್ಲ. ನನ್ನ ಕಾಟ ತಾಳದೆ, ಕಳೆದ ವರ್ಷ ನನಗೊಬ್ಬನಿಗೆ ಹೇಳಿದರು.

— ಯೊಲಾಂಡಾ, ನೀರು ಕುಡಿಯಿರಿ. ನಿಧಾನವಾಗಿ.

ಸಂಗಾತಿಗಳೇ, ಈ ಶನಿವಾರ ನಗರದ ದೊಡ್ಡ ಸ್ಮಶಾನದ ಹುಲ್ಲುಹಾಸಿನ ಮೇಲೆ, ಪ್ರತಿ ಬೇಸಿಗೆಯಂತೆ, ಹಳೆಯ ಸಿನಿಮಾ ತೋರಿಸುತ್ತಾರೆ. ಈ ಸಲ ಇದೇ ಸಿನಿಮಾ. ಸತ್ತವರ ನಡುವೆ ಚಾದರ ಹಾಸಿ ಸಾವಿರಾರು ಜನ ಕೂತು ಒಟ್ಟಿಗೆ ಹಾಡುತ್ತಾರೆ. ನಾವೂ ಹೋಗಿ ಕೂರುತ್ತೇವೆ. ಪಲ್ಲವಿಗೆ ಮುಂಚೆ ಆ ಉಸಿರು ಬಂದ ಕ್ಷಣಕ್ಕೆ ಎದ್ದು ನಿಲ್ಲುತ್ತೇವೆ. ಕೂಗುವುದಿಲ್ಲ, ತಳ್ಳಾಡುವುದಿಲ್ಲ. ಲೊರೇನ್ ಒಚೋವಾ ಎಂದು ಬರೆದ ಹಲಗೆಯನ್ನು ಎತ್ತಿ ಹಿಡಿಯುವವರು ಯೊಲಾಂಡಾ. ಅವರೇ ಕೇಳಿಕೊಂಡದ್ದು. ಶಾಲೆಯಲ್ಲಿ ಆಡಿದ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದರು.

ಇದರಿಂದ ಏನಾಗುತ್ತದೆ? ನಿಮಗೆ ಸುಳ್ಳು ಭರವಸೆ ಕೊಡುವುದಿಲ್ಲ. ಕಾವಲುಗಾರರು ನಮ್ಮನ್ನು ಹೊರಗೆ ಹಾಕಬಹುದು. ಭಾನುವಾರ ಬೆಳಗ್ಗೆ ನಾನು ಕೌಂಟರಿಗೆ ಬಂದಾಗ ಚಾವಣಿಯಿಂದ ಅದೇ ಹಾಡು, ಪರದೆಗಳ ಮೇಲೆ ಅದೇ ಬೇರೆ ಹೆಸರು. ನನ್ನ ಬೆನ್ನ ಹಿಂದೆ ಬೇರೆ ಯಾರೋ. ಹಲಗೆ ಎತ್ತಿದ್ದನ್ನು ನೋಡಲು ಅವರಿಲ್ಲ. ಹೆಸರು ಬಂದರೂ ಕೇಳಲು ಅವರಿಲ್ಲ. ಆದರೂ ನಿಲ್ಲಬೇಕು.

ದಯವಿಟ್ಟು ಈಗ ಎಲ್ಲರೂ ಎದ್ದೇಳಿ. ಕುರ್ಚಿ ಸದ್ದು ಮಾಡದ ಹಾಗೆ — ಶನಿವಾರವೂ ಹೀಗೇ ಏಳಬೇಕು. ಒಂದು ನಿಮಿಷ ಮೌನ. ಹಾಡು ಹಾಕುವುದಿಲ್ಲ. ನಿಮ್ಮ ಪಕ್ಕದವರ ಉಸಿರು ಕೇಳಿಸಿಕೊಳ್ಳಿ, ಸಾಕು.

ಆಮೇಲೆ ನಾನು ಮಾತಾಡುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಶನಿವಾರ, ಸಂಜೆ ಆರು ಗಂಟೆಗೆ, ಸ್ಮಶಾನದ ಪೂರ್ವದ ಗೇಟಿನಲ್ಲಿ.